ಉಪ್ಪಿಗೆ ವಾಸನೆ ಇಲ್ಲ

ಮಾಜಿ ಸೈನಿಕರ ಕ್ಲಬ್ಬಿನ ಅಡುಗೆಯವನಿಗೆ ಹಂಡೆ ಎಂದು ಹೆಸರು ಬಿದ್ದದ್ದು ಹೊಟ್ಟೆಯ ದೆಸೆಯಿಂದಲ್ಲ. ಹಂಡೆಗಿಂತ ಚಿಕ್ಕ ಪಾತ್ರೆಯಲ್ಲಿ ಬೇಯಿಸಲು ಅವನಿಗೆ ಬರುತ್ತಲೇ ಇರಲಿಲ್ಲ. ನಿವೃತ್ತನಾಗಿ ಮನೆಗೆ ಬಂದ ದಿನ ತನಗೂ ಹೆಂಡತಿಗೂ ಎಂದು ಅವನು ಮಾಡಿದ ಬೇಳೆ ಸೂಪನ್ನು ಇಡೀ ಬೀದಿ ವಾರಗಟ್ಟಲೆ ಉಂಡಿತು. ಬೀದಿನಾಯಿಗಳು ನಡೆಯಲಾರದೆ ಉರುಳಿಕೊಂಡೇ ಓಡಾಡಿದವು. ಆ ಸೂಪಿನ ಘಮ ಗಾಳಿಗೆ ಸಿಕ್ಕಿ ಗಡಿಯಾಚೆ ಹೋಗಿ, ಎದುರಾಳಿಯ ಪಡೆಯೊಂದು ಬಂದೂಕು ಕೆಳಗಿಟ್ಟು ತಟ್ಟೆ ಹಿಡಿದು ಸಾಲಾಗಿ ನಿಂತಿತ್ತಂತೆ. ನಂಬದವರು ನಂಬಬೇಡಿ. ಆ ಸಾಲಿನಲ್ಲಿ ಯಾರ್‍ಯಾರು ಎರಡನೇ ಸಲ ಹಾಕಿಸಿಕೊಂಡರು ಎಂದು ಹೇಳಬಲ್ಲ ಸಾಕ್ಷಿಗಳು ಕ್ಲಬ್ಬಿನಲ್ಲಿದ್ದರು.

ಕ್ಲಬ್ಬೆಂದರೆ ಬಸ್ ಡಿಪೋದ ಹಿಂದಿನ ತಗಡಿನ ಶೆಡ್ಡು. ಒಂದು ಉದ್ದನೆಯ ಮೇಜು, ಎರಡು ಬೆಂಚು, ಮೂಲೆಯಲ್ಲಿ ಗ್ಯಾಸ್ ಒಲೆ. ವಾರವೆಲ್ಲ ಅಲ್ಲಿ ಇಸ್ಪೀಟು. ಪಿಂಚಣಿ ಕಚೇರಿಗೆ ಯಾರು ಯಾರ ಜೊತೆ ಹೋಗಬೇಕೆಂಬ ಚರ್ಚೆ. ಕೃತಕ ಕಾಲಿನ ಸಡಿಲವಾದ ತಿರುಪು ಬಿಗಿಮಾಡುವ ಕೆಲಸ. ಭಾನುವಾರ ಮಾತ್ರ ಸೂಪು, ಬ್ರೆಡ್ಡು. ಮನೆಯಲ್ಲಿ ವಾರಗಟ್ಟಲೆ ತುಟಿ ಬಿಚ್ಚದವರು ಕೂಡ ಅಂದು ಹಂಡೆಯ ಮುಂದೆ ತಟ್ಟೆ ಹಿಡಿದು, ಹಿಂದೆ ನಿಂತವನ ಕಾಲೆಳೆಯುತ್ತಿದ್ದರು.

ಅಲ್ಲೊಂದು ಪದ್ಧತಿಯಿತ್ತು, ಸೇನೆಯಿಂದಲೇ ಬಂದದ್ದು. ಒಬ್ಬ ಹಂಡೆಯ ಬಳಿ ನಿಂತು ರುಚಿ ನೋಡಿ, ‘ಬಡಿಸಬಹುದು’ ಎಂದು ಕೂಗುವವರೆಗೆ ಯಾರ ತಟ್ಟೆಗೂ ಒಂದು ಹನಿ ಬೀಳುವಂತಿಲ್ಲ. ಆ ಒಬ್ಬ ತಂತಿ. ಸೇನೆಯಲ್ಲಿ ಟೆಲಿಫೋನು ತಂತಿ ಎಳೆಯುತ್ತಿದ್ದವನು. ಪಕ್ಕಕ್ಕೆ ತಿರುಗಿದರೆ ಕಣ್ಣಿಗೇ ಬೀಳದಷ್ಟು ಸಣಕಲ. ಅವನು ಮೂರು ಸಲ ಸೌಟೆತ್ತಿ ಚಪ್ಪರಿಸಿ, ಕಣ್ಣು ಮುಚ್ಚಿ, ನ್ಯಾಯಾಧೀಶನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ‘ಉಪ್ಪು ಹಾಕೋಕೆ ನಿಮ್ಮಪ್ಪನ ಗಂಟು ಹೋಗುತ್ತೇನೋ?’ ಎಂದರೆ ಇನ್ನೊಂದು ಚಮಚ ಬೇಕೆಂದು ಅರ್ಥ.

ಈ ನಾಟಕದ ಹಿಂದೊಂದು ಗುಟ್ಟಿತ್ತು. ಯೌವನದಲ್ಲಿ, ಗುಡ್ಡದ ಶಿಬಿರದಲ್ಲಿ, ಹಂಡೆಗೆ ಜ್ವರ ಬಂತು. ಎಂಥ ಜ್ವರ! ಅವನ ಹಣೆಯ ಮೇಲೆ ರೊಟ್ಟಿ ಸುಡಬಹುದಿತ್ತು. ಜ್ವರವೇನೋ ಬಿಟ್ಟಿತು, ಹೋಗುವಾಗ ನಾಲಿಗೆಯ ರುಚಿಯನ್ನು ಹೊತ್ತೊಯ್ದಿತು. ಮೂಗು ಉಳಿಯಿತು. ಈರುಳ್ಳಿ ಎಷ್ಟು ಹುರಿಯಿತು, ಬೇಳೆ ಎಷ್ಟು ಬೆಂದಿತು, ಎಲ್ಲವನ್ನೂ ಅವನು ಮೂಗಿನಲ್ಲೇ ಅಳೆಯುತ್ತಿದ್ದ. ಆದರೆ ಉಪ್ಪಿಗೆ ವಾಸನೆ ಇಲ್ಲವಲ್ಲ. ಅಂದಿನಿಂದ ತಂತಿಯ ನಾಲಿಗೆಯೇ ಅವನ ನಾಲಿಗೆ. ಇಬ್ಬರ ನಡುವಿನ ಈ ವಿಷಯ ಮೂರನೆಯವನ ಕಿವಿಗೆ ಬಿದ್ದಿಲ್ಲವೆಂದು ಹಂಡೆ ನಂಬಿದ್ದ.

ಆ ತಂತಿಗೆ ಈಗ ಲಕ್ವ ಹೊಡೆದಿತ್ತು. ಮಾತು ತೊದಲುತ್ತ ಮರಳಿತು, ನುಂಗುವುದು ಮರಳಲಿಲ್ಲ. ಮಗಳ ಮನೆಯ ಕಿಟಕಿಯ ಪಕ್ಕ ಮಲಗಿದವನಿಗೆ ಊಟವೆಲ್ಲ ಮೂಗಿನ ನಳಿಕೆಯಲ್ಲೇ. ಹಂಡೆ ‘ಬೆನ್ನು ನೋವು’ ಎಂದು ಭಾನುವಾರಗಳನ್ನು ತಳ್ಳುತ್ತ ಬಂದ. ಬರೀ ಬ್ರೆಡ್ಡು, ಚಹಾಕ್ಕೆ ಯಾರು ಬರುತ್ತಾರೆ? ಬೆಂಚುಗಳು ಬರಿದಾಗತೊಡಗಿದವು. ಎಲ್ಲರಿಗಿಂತ ಮುಂಚೆ ಬರುತ್ತಿದ್ದ, ಫಿರಂಗಿ ಎಂದು ಕರೆಸಿಕೊಳ್ಳುವ ಕುಂಟ ಸಿಪಾಯಿ ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂತಿದ್ದಾನೆಂದು ಕೇಳಿದಾಗ ಹಂಡೆಗೆ ತಡೆಯಲಾಗಲಿಲ್ಲ. ‘ಈ ಭಾನುವಾರ ಸೂಪು’ ಎಂದು ಊರಿಗೆಲ್ಲ ಸಾರಿಬಿಟ್ಟ.

ಸಾರಿದ್ದೇನೋ ಸಾರಿದ. ಒಲೆಯ ಮುಂದೆ ನಿಂತಾಗ ಮಾತ್ರ, ಗುಂಡಿನ ಮಳೆಗೂ ಹೆದರದವನು ಉಪ್ಪಿನ ಡಬ್ಬಿಯನ್ನು ಮೂರು ಸಲ ತೆಗೆದು ಮುಚ್ಚಿ, ನಾಲ್ಕನೇ ಸಲ ತೆಗೆದ. ಅಂದಾಜಿನಲ್ಲಿ ಹಾಕಿದ. ತಂತಿ ನಿಲ್ಲುತ್ತಿದ್ದ ಜಾಗ ನೋಡಿದ. ‘ನಿಮ್ಮಪ್ಪನ ಗಂಟು’ ಎಂದು ಯಾರೋ ಕೂಗಿದಂತಾಯಿತು, ಇನ್ನಷ್ಟು ಹಾಕಿದ. ಮನಸ್ಸು ಆ ಹೊತ್ತಿಗೆ ಕಿಟಕಿಯ ಪಕ್ಕದ ಮಂಚಕ್ಕೆ ಹೋಗಿಬಂತು. ಹಾಕಿದೆನೋ ಇಲ್ಲವೋ ತಿಳಿಯದೆ ಮತ್ತೂ ಹಾಕಿದ. ಸಮುದ್ರವೇ ಬಂದು ಸಾಲ ಕೇಳುವಷ್ಟು ಉಪ್ಪಾಯಿತು.

ತಟ್ಟೆಗಳು ತುಂಬಿದವು. ಮೊದಲ ಚಮಚ ಬಾಯಿಗೆ ಹೋದದ್ದೇ ತಡ, ಫಿರಂಗಿಯ ಕಣ್ಣಲ್ಲಿ ನೀರು ಬಂತು.

“ಏನಾಯ್ತೋ?” ಎಂದ ಹಂಡೆ.

“ಏನಿಲ್ಲಣ್ಣ, ಹಳೇದೆಲ್ಲ ನೆನಪಾಯ್ತು,” ಎಂದು ಫಿರಂಗಿ ಇನ್ನೊಂದು ಚಮಚ ನುಂಗಿದ. “ಭಾರೀ ಚೆನ್ನಾಗಿದೆ!”

ಒಬ್ಬರೂ ತಟ್ಟೆ ಬಿಡಲಿಲ್ಲ. ಕೊನೆಯ ಹನಿಯವರೆಗೆ ಬ್ರೆಡ್ಡಿನಿಂದ ಒರೆಸಿ ತಿಂದರು. ಆಮೇಲೆ ಒಬ್ಬೊಬ್ಬರೇ ಮೆಲ್ಲಗೆ ಎದ್ದು ನೀರಿನ ಡ್ರಮ್ಮಿನತ್ತ ಹೋದರು. ಡ್ರಮ್ಮು ಬರಿದಾಯಿತು. ಡಿಪೋದ ನಲ್ಲಿಯ ಮುಂದೆ ಸಾಲು ಬೆಳೆಯಿತು. ಅಂದು ಒಂದು ಬಕೆಟ್ಟು ನೀರೂ ಸಿಗಲಿಲ್ಲವೆಂದು ಬಸ್ಸು ತೊಳೆಯುವವರು ಈಗಲೂ ಗೊಣಗುತ್ತಾರೆ. ಹಂಡೆಗೆ ಆ ಸಾಲು ನೋಡಿಯೇ ತಿಳಿಯಿತು. ಸೌಟನ್ನು ಕೆಳಗಿಟ್ಟ.

ಸೇನಾ ಆಸ್ಪತ್ರೆಯಲ್ಲಿ ಜೀವ ತೇದ ನರ್ಸಕ್ಕ ಅಂದು ತಡವಾಗಿ ಬಂದಿದ್ದಳು. ಒಂದು ಚಮಚ ಬಾಯಿಗಿಟ್ಟು ಹೊರಗೆ ಹೋಗಿ ಉಗುಳಿ ಬಂದಳು.

“ಥೂ! ಇದೇನ್ರೀ, ಸೂಪಾ ಉಪ್ಪಿನಮೂಟೆನಾ? ಇವ್ರಿಗೆಲ್ಲ ಬಿಪಿ ಇದೆ. ಸಾಯಿಸ್ಬೇಕು ಅಂತಿದ್ರೆ ಯುದ್ಧದಲ್ಲೇ ಬಿಟ್ಬಿಡ್ಬೇಕಿತ್ತು!”

“ಅಕ್ಕ, ನಂಗೆ…” ಹಂಡೆಯ ದನಿ ಇಳಿಯಿತು. “ನಂಗೆ ನಾಲಿಗೆ ಇಲ್ಲ.”

“ಅದು ಗೊತ್ತು. ಎಲ್ರಿಗೂ ಗೊತ್ತು, ಮೊದ್ಲಿಂದ್ಲೂ.”

“ಮತ್ತೆ ಒಬ್ರೂ ಬಾಯಿ ಬಿಡ್ಲಿಲ್ಲ?”

“ನೀವಿಬ್ರೂ ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ, ಯಾಕೆ ಹಾಳ್ಮಾಡೋದು ಅಂತ.” ಅವಳು ಸೆರಗು ಸಿಕ್ಕಿಸಿಕೊಂಡಳು. “ಬರೋ ವಾರದಿಂದ ನಾನು ನೋಡ್ತೀನಿ ರುಚಿ. ಬೇಡ ಅಂದ್ರೆ ಸೂಜಿ ಚುಚ್ತೀನಿ.”

ಹಂಡೆ ಏಪ್ರನ್ನು ಕೂಡ ಬಿಚ್ಚದೆ ನೆಟ್ಟಗೆ ತಂತಿಯ ಮನೆಗೆ ನಡೆದ.

ಬಾಗಿಲು ತೆಗೆದ ತಂತಿಯ ಮಗಳು, “ಬನ್ನಿ ದೊಡ್ಡಪ್ಪ, ಬೆಳಿಗ್ಗೆಯಿಂದ ಬಾಗಿಲು ನೋಡ್ಕೊಂಡೇ ಮಲಗಿದಾರೆ,” ಎಂದಳು.

ತಂತಿ ಮೊದಲೇ ಸಣಕಲ, ಈಗ ಹೊದಿಕೆಯ ಕೆಳಗೆ ಇದ್ದಾನೋ ಇಲ್ಲವೋ ಎಂದು ತಡಕಿ ನೋಡಬೇಕಾಗಿತ್ತು. ಕಣ್ಣು ಮಾತ್ರ ಹಳೆಯದೇ. ಹಂಡೆ ನಡೆದದ್ದನ್ನೆಲ್ಲ ಹೇಳಿದ. ನಲ್ಲಿಯ ಸಾಲಿನ ಕಥೆಗೆ ತಂತಿ ನಳಿಕೆ ಅಲುಗುವಷ್ಟು ನಕ್ಕ.

“ನರ್ಸಕ್ಕ ನಿನ್ ಜಾಗಕ್ಕೆ ನಿಲ್ತೀನಿ ಅಂತಾಳೆ. ನಾನೇನೂ ಹೇಳ್ಲಿಲ್ಲ.”

“ನಿಲ್ಲಿಸ್ಕೊಳೋ ಪೆದ್ದ. ಆ ಫಿರಂಗಿ… ಮತ್ತೆ ಮನೆ ಸೇರ್ತಾನೆ,” ಎಂದು ತಂತಿ ತೊದಲಿದ.

ಹಂಡೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಜೀವಮಾನವಿಡೀ ಕೇಳಬೇಕೆಂದಿದ್ದದ್ದು ಈಗ ಬಾಯಿಗೆ ಬಂತು. “ಲೋ, ನನ್ ಸೂಪು ಹೇಗಿರ್ತಿತ್ತೋ? ಊರೆಲ್ಲ ಹೊಗಳಿದ್ರು. ನಾನೊಬ್ನೇ ನೋಡ್ಲಿಲ್ಲ. ನಿಜ ಹೇಳು.”

“ನಿಜಾನಾ? ಸುಮಾರಾಗಿರ್ತಿತ್ತು.”

“ಹೋಗೋ ನಿನ್ನ!”

“ಉಪ್ಪು… ಮೊದ್ಲನೇ ಸೌಟಿಗೇ ಗೊತ್ತಾಗೋದು ಕಣೋ,” ಎಂದ ತಂತಿ. “ಇನ್ನೆರಡು… ಆಸೆಗೆ. ಮುಗಿದ್ರೆ ನೀನು ಬಡಿಸೋಕೆ ಆ ಕಡೆ ತಿರುಗಿಬಿಡ್ತಿದ್ದೆ.”

ಅಪರೂಪಕ್ಕೆ ಈ ಕಥೆಯಲ್ಲಿ ಅತಿಮಾಡಿ ಹೇಳಲು ಏನೂ ಸಿಗದ ಗಳಿಗೆ ಅದು. ಇಬ್ಬರು ಮುದುಕರು, ಒಬ್ಬನಿಗೆ ರುಚಿಯಿಲ್ಲ, ಇನ್ನೊಬ್ಬನಿಗೆ ನುಂಗಲಾಗದು.

“ಹಸಿವಾಗುತ್ತೇನೋ?” ಎಂದು ಕೇಳಿದ ಹಂಡೆ.

“ಹೊಟ್ಟೆಗೆ ಆಗಲ್ಲ. ಬಾಯಿಗೆ ಆಗುತ್ತೆ.” ತಂತಿ ಕಣ್ಣು ಮುಚ್ಚಿಕೊಂಡ. “ಹೇಳು, ಇವತ್ತು ಹೇಗೆ ಮಾಡ್ದೆ? ಮೊದ್ಲಿಂದ. ಅವಸರ ಮಾಡ್ಬೇಡ.”

ಹಂಡೆ ಏಪ್ರನ್ನಿಗೆ ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡ.

“ಈರುಳ್ಳಿ ತಗೊಂಡೆ,” ಎಂದ. “ಬುಟ್ಟಿ ತುಂಬ. ಒಂದೊಂದೂ ನಿನ್ ತಲೆಯಷ್ಟಿತ್ತು…”