ಮುಟ್ಟದ ಸಮನ್ಸು

ಮನುಷ್ಯ ಒಳಗೇ ಇದ್ದಾನೆ, ಆದರೆ ಸಿಗುವುದಿಲ್ಲ. ಇದನ್ನು ವರದಿಯಲ್ಲಿ ಹೇಗೆ ಬರೆಯಬೇಕು?

ಉಣಕಲ್ಲಿನ ಆ ಹೊಸ ಮನೆಯ ಪಡಸಾಲೆಯಲ್ಲಿ ಕೋರ್ಟಿನ ಬೇಲೀಫ ಗುರುಪಾದ ಸಮನ್ಸು ಹಿಡಿದು ಕುಳಿತಿದ್ದ. ತಗೊಂಡರು, ಒಲ್ಲೆ ಅಂದರು, ಮನೆಯಲ್ಲಿಲ್ಲ: ಇಷ್ಟರಲ್ಲಿ ಯಾವುದಾದರೂ ಬರೆಯಬಹುದು. ಮನೆಯ ಯಜಮಾನ ಸಿದ್ದಲಿಂಗಪ್ಪ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಲಿಂಗಪೂಜೆಗೆ ಕುಳಿತಿದ್ದ. ಪೂಜೆಗೆ ಕುಳಿತವರನ್ನು ಮಾತಾಡಿಸಬಾರದು. ದೇವರು ದಿಂಡರು ಸುಳ್ಳೆಂದು ಹಾಸ್ಟೆಲಿನಲ್ಲಿ ವಾದಿಸಿ ಎಂ.ಎ. ಮುಗಿಸಿದ್ದ ಗುರುಪಾದನಿಗೆ ಆ ಬಾಗಿಲು ಬಡಿಯಲು ಕೈ ಏಳಲಿಲ್ಲ.

"ಇನ್ನ ಎಷ್ಟೊತ್ತ್ರಿ ಅಕ್ಕಾರ?"

"ಪೂಜಾಕ್ಕ ಗಡಿಯಾರ ಇರತದೇನ್ರಿ? ನೀವೂ ಲಿಂಗವಂತರ ಹೌದಲ್ಲರಿ." ಸಿದ್ದಲಿಂಗಪ್ಪನ ಹೆಂಡತಿ ದಾಕ್ಷಾಯಿಣಿ ನಕ್ಕಳು. "ಹೋದ ಸಲಾನೂ ಹಿಂಗ ಕುಂತು ಎದ್ದು ಹೋದ್ರಿ. ಚಾ ಕುಡೀರಿ."

"ನೀವರ ಸಹಿ ಮಾಡಿ ತಗೋರಿ."

"ಯಜಮಾನ್ರು ಮನ್ಯಾಗ ಇರೂವಾಗ ನಾ ಯಾಕ್ರಿ?"

ಕಾಯ್ದೆಯೂ ಅದನ್ನೇ ಹೇಳುತ್ತಿತ್ತು. ಆಕೆಗೆ ಯಾರೋ ಛಲೋ ಪಾಠ ಮಾಡಿದ್ದರು.

ಗೇಟಿನ ಹೊರಗೆ ಖಾತುನಬಿ ನಿಂತಿದ್ದಳು, ಮನೆ ತೋರಿಸಲು ಬಂದವಳು. ಅವಳ ಮಗಳು ಶಾಜಿಯಾಳ ಬೆರಳುಗಳನ್ನು ಗೋಕುಲ ರಸ್ತೆಯಲ್ಲಿನ ಸಿದ್ದಲಿಂಗಪ್ಪನ ಕಾರಖಾನೆಯ ಯಂತ್ರ ತಿಂದಿತ್ತು. ಅಂಥ ಹುಡುಗಿ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಅಂದುಬಿಟ್ಟಿದ್ದ ಸಿದ್ದಲಿಂಗಪ್ಪ. "ಜಡ್ಜ ಸಾಹೇಬ್ರ ಮುಂದ ನನ್ನ ಮಗಳ ಮಾರಿ ನೋಡಿ ಅದ ಮಾತು ಆಡ್ಲಿ," ಎಂದು ಖಾತುನಬಿ ದಾರಿಯುದ್ದಕ್ಕೂ ಹೇಳಿದ್ದಳು. ಇವತ್ತೂ ಸಮನ್ಸು ಮುಟ್ಟದಿದ್ದರೆ ನಾಳೆ ಅವಳ ಪರಿಹಾರದ ಕೇಸು ವಜಾ.

ಒಳಗೆ ಪೂಜೆಯ ಗಂಟೆ ಮೊಳಗಿತು. ಅದರ ಹಿಂದೆಯೇ ಫೋನು. ಗಂಟೆ ನಿಂತಿತು, ದನಿ ತಗ್ಗಿಸಿ ಸಿದ್ದಲಿಂಗಪ್ಪ ಲಾರಿ ಲೋಡಿನ ಮಾತಾಡಿದ.

ಗುರುಪಾದನ ಸಿಟ್ಟು ನೆತ್ತಿಗೇರಿತು. ಎದ್ದ.

"ಮುಗೀತ್ರಿ ಪೂಜಾ." ದಾಕ್ಷಾಯಿಣಿ ತುಪ್ಪ ಸುರಿದ ಬಿಸಿ ರವೆಯ ಸಜ್ಜಕದ ಬೋಗುಣಿ ಹಿಡಿದು ಎದುರಾದಳು. "ಪ್ರಸಾದ. ಎರಡೂ ಕೈ ಒಡ್ಡ್ರಿ."

ಅವನು ಯೋಚಿಸಲೂ ಇಲ್ಲ. ಸಮನ್ಸನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈ ಒಡ್ಡಿದ. ಆಕೆ ಬೊಗಸೆ ತುಂಬಿಸಿದಳು.

ಆಗ ಬಾಗಿಲು ತೆರೆಯಿತು. ಹಣೆತುಂಬ ವಿಭೂತಿಯ ಸಿದ್ದಲಿಂಗಪ್ಪ ಅವನೆದುರೇ ನಿಂತು ಕೈ ಮುಗಿದ. "ಸಾವಕಾಶ್ರಿ. ನೆಲಕ್ಕ ಬಿದ್ದೀತು." ಚಪ್ಪಲಿ ಮೆಟ್ಟಿದ. ಕಾರು ಹತ್ತಿದ.

ದಾರಿ ಬಿಡೆಂದು ಕಾರು ಖಾತುನಬಿಗೆ ಹಾರ್ನು ಹೊಡೆಯಿತು. ಆಕೆ ಸರಿದು ನಿಂತು, ಆಮೇಲೆ ಒಳಗೆ ಓಡಿ ಬಂದಳು.

"ಅವ್ರು ನಿಮ್ಮ ಎದುರಿಗೇ ಇದ್ರಲ್ಲರಿ ಸಾಹೇಬ್ರ. ಸಮನ್ಸು ಕೊಟ್ರೇನ್ರಿ?"

ಬೊಗಸೆ ಸುಡುತ್ತಿತ್ತು. ತುಪ್ಪ ಮೊಣಕೈವರೆಗೆ ಇಳಿದಿತ್ತು.

"ಯಾಕ್ರಿ, ಮಾತಾಡ್ರಿ."

ಅವನ ತುಟಿಗಳ ನಡುವೆ ಕಾಗದ ಎಂಜಲಿಗೆ ತೊಯ್ದು ಮೆತ್ತಗಾಗುತ್ತಿತ್ತು. ಕೋರ್ಟಿನ ಮೊಹರಿನ ನೇರಳೆ ಶಾಯಿ ಕರಗಿ, ನಿಧಾನವಾಗಿ ಗದ್ದಕ್ಕೆ ಹರಿಯಿತು.