ದಾನಿಗಳ ಹೆಸರು

ಈರಪ್ಪನ ಮನೆಯ ಅಂಗಳದಲ್ಲಿ ಎಂಟು ತಿಂಗಳಿಂದ ಒಂದು ಬಿಳಿ ಕಾರು ನಿಂತಿತ್ತು. ಕುಂದಗೋಳದ ಆ ಓಣಿಯಲ್ಲಿ ಯಾರ ಅಂಗಳವೂ ಅಂಥ ದೊಡ್ಡದೇನಲ್ಲ. ಕಾರು ಬಂದು ನಿಂತ ಮೇಲೆ ಮುಂಬಾಗಿಲಿಗೆ ಹೋಗುವವರು ಮೈ ಓರೆ ಮಾಡಿಕೊಂಡು ನುಸುಳಬೇಕಿತ್ತು. ಬೀಜ-ಗೊಬ್ಬರದ ಅಂಗಡಿಯ ಈರಪ್ಪನಿಗೆ ಹೊಟ್ಟೆ ಸ್ವಲ್ಪ ಮುಂದು. ದಿನಾ ಬೆಳಿಗ್ಗೆ ಕಾರಿನ ಧೂಳನ್ನೆಲ್ಲ ತನ್ನ ಬಿಳಿ ಅಂಗಿಗೆ ಒರೆಸಿಕೊಂಡೇ ಅವನು ಅಂಗಡಿಯ ಬೀಗ ತೆಗೆಯುತ್ತಿದ್ದ. ಹೆಂಡತಿ ಶಿವಗಂಗವ್ವ ಮೊದಮೊದಲು ಬೈದಳು, ಆಮೇಲೆ ಬೈಯುವುದನ್ನೂ ಬಿಟ್ಟಳು.

ಮಗಳು ಸೌಂದರ್ಯಾ ಆ ಬಾಗಿಲನ್ನೇ ಬಿಟ್ಟಿದ್ದಳು. ಎಲ್ಲಿಗೆ ಹೋಗುವುದಿದ್ದರೂ ಹಿತ್ತಲಿಗೆ ಬಂದು, ದನದ ಕೊಟ್ಟಿಗೆ ದಾಟಿ, ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು ಹಿಂದಿನ ಸಂದಿಯಿಂದ ಹೊರಬೀಳುತ್ತಿದ್ದಳು.

ಅದು ಅವಳ ಮದುವೆಯಲ್ಲಿ ಕೊಟ್ಟ ಕಾರು. ಅಳಿಯ ಹೇಮಂತ ಹುಬ್ಬಳ್ಳಿಯಲ್ಲಿ ಎಂಜಿನಿಯರ್. ಮದುವೆಯಾಗಿ ತಿಂಗಳೊಳಗೆ ಕಾರು ಸಣ್ಣದಾಯಿತು ಎಂಬ ಮಾತು ಹೊರಟಿತು. ಎತ್ತರದ್ದು ಬೇಕಿತ್ತಂತೆ. ಮಾತು ಬೆಳೆಯುತ್ತ ಹೋಗಿ ಕೈ ಎತ್ತುವವರೆಗೆ ಬಂತು. ಕೊನೆಗೊಂದು ದಿನ ಹೇಮಂತ ಅದೇ ಕಾರಿನಲ್ಲಿ ಸೌಂದರ್ಯಾಳನ್ನು ಕೂರಿಸಿಕೊಂಡು ಬಂದು, ಅಂಗಳದಲ್ಲಿ ನಿಲ್ಲಿಸಿ, ಕೀಲಿಯನ್ನು ಕಟ್ಟೆಯ ಮೇಲೆ ಇಟ್ಟ.

"ಮಾವಾರ, ನೀವು ಕೊಟ್ಟದ್ದು ಎರಡೂ ವಾಪಸ್ ತಂದೇನ್ರಿ. ನೋಡಿ ಇಳಿಸಿಕೋರಿ" ಎಂದು, ಹಿಂದೆ ಬಂದಿದ್ದ ಗೆಳೆಯನ ಬೈಕು ಹತ್ತಿ ಹೋದ.

ಅಂದು ಈರಪ್ಪ ಬೀದಿಯಲ್ಲಿ ನಿಂತು ಕೂಗಾಡಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಅವನು ಕೂಗಲಿಲ್ಲ. ಮರ್ಯಾದೆಯ ಮನುಷ್ಯ, ಅದೇ ಅವನ ರೋಗ. ಕೇಳಿದವರಿಗೆಲ್ಲ "ಪರೀಕ್ಷಾ ಕಟ್ಯಾಳ್ರಿ, ಓದಾಕ ಬಂದಾಳ" ಎಂದ. ಓಣಿಯವರೇನು ಹುಚ್ಚರೇ? ಎಂಟು ತಿಂಗಳು ನಡೆಯುವ ಪರೀಕ್ಷೆ ಯಾವುದೆಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ "ಅಳ್ಯಾರು ಅರಾಮದಾರೇನ್ರಿ?" ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ಅವನೂ "ಅಗದಿ ಅರಾಮ್ರಿ" ಎನ್ನುವುದನ್ನು ಬಿಡಲಿಲ್ಲ.

ಸೌಂದರ್ಯಾಳಿಗೆ ಉಸಿರಾಡಲು ಇದ್ದ ಜಾಗ ಒಂದೇ. ಊರ ಹೊರಗೆ ಕಣ್ಣು ಕಾಣದ ಹೆಣ್ಣುಮಕ್ಕಳ ವಸತಿ ಶಾಲೆಯೊಂದಿತ್ತು. ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಪಾಠ ಓದಿ ಹೇಳುತ್ತಿದ್ದಳು. ಮಕ್ಕಳು ಹೇಳಿದ್ದನ್ನು ಬರೆದುಕೊಡುತ್ತಿದ್ದಳು. ಊರಿಗೆ ಪತ್ರ, ಸ್ಕಾಲರ್‌ಶಿಪ್ಪಿನ ಅರ್ಜಿ, ಎಲ್ಲ ಅವಳದೇ ಅಕ್ಷರ. ಅಲ್ಲಿ ಯಾರೂ ಅವಳ ಗಂಡನ ಸುದ್ದಿ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಚಹಾ ಕುಡಿಯುತ್ತಿದ್ದಾಗ ಅವಳು ಬಂದು ಎದುರಿಗೆ ಕೂತಳು.

"ಅಪ್ಪಾ, ಆ ಕಾರು ಅಂಗಳದಿಂದ ತಗಸ್ರಿ. ನನಗ ಸಾಕಾಗೇತಿ."

"ಮಾರೂಣೇನವಾ?"

"ಆ ರೊಕ್ಕ ಈ ಮನ್ಯಾಗ ಬರೂದು ಬ್ಯಾಡ. ಗಾಡೀನ ನಮ್ಮ ಸಾಲಿಗೆ ಕೊಟ್ಟಬಿಡ್ರಿ. ಹುಡಗ್ಯಾರು ದವಾಖಾನಿಗೆ ಹೋಗಬೇಕಂದ್ರ ಬಸ್ಸಿನ್ಯಾಗ ನಿಂತು ಹೋಗ್ತಾರ." ಸ್ವಲ್ಪ ತಡೆದು ಅವಳು ಮತ್ತೆ ಅಂದಳು: "ಒಂದ ಮಾತು. ಇಷ್ಟಕ್ಕ ಅವನ ಹೆಸರು ಮುಗಿದು ಹೋಗಬೇಕು. ಮತ್ತ ನನ್ನ ಕಿವಿಗೆ ಬೀಳಬಾರದು."

ಎಂಟು ತಿಂಗಳಲ್ಲಿ ಮಗಳು ಏನಾದರೂ ಬೇಡಿದ್ದು ಅದೇ ಮೊದಲು. ಈರಪ್ಪ ಚಹಾದ ಬಟ್ಟಲು ಕೆಳಗಿಟ್ಟ. "ಆತವಾ, ಮುಗಿಸ್ತೀನಿ" ಎಂದ.

ಮರುದಿನವೇ ಶಾಲೆಯ ಹಿರಿಯ ಮುಜಫರ್ ಮಾಸ್ತರರು ಚಾಲಕ ಫಯಾಜ್‌ನನ್ನು ಕರೆದುಕೊಂಡು ಬಂದರು. ಮಾಸ್ತರರಿಗೂ ಹುಟ್ಟಿನಿಂದ ಕಣ್ಣಿಲ್ಲ. ಅವರು ಕಾರನ್ನು ಕೈಯಿಂದ ನೋಡಿದರು. ಬಾನೆಟ್ಟಿನಿಂದ ಶುರುಮಾಡಿ, ಬಾಗಿಲು, ಗಾಜು, ಟೈರು, ಒಂದನ್ನೂ ಬಿಡಲಿಲ್ಲ. ಒಳಗೆ ಕೂತು ಹಾರ್ನ್ ಒತ್ತಿದರು. ಸೀಟಿನ ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿಲ್ಲವೆಂದು ಗೊತ್ತಾಗಿ ಖುಷಿಯಿಂದ ನಕ್ಕರು.

"ಸಾಹುಕಾರ್ರ, ಇದು ಹೊಸಾ ಗಾಡಿ! ನಿಮ್ಮ ಮನಸ್ಸು ದೊಡ್ಡದೈತ್ರಿ. ಅಂದಂಗ, ಆರ್.ಸಿ. ಯಾರ ಹೆಸರ್ಲೆ ಐತ್ರಿ? ಅವರು ಬಂದು ಸಹಿ ಹಾಕಬೇಕಾಗ್ತದ."

ಈ ಸಂಗತಿ ಈರಪ್ಪನಿಗೆ ಹೊಳೆದೇ ಇರಲಿಲ್ಲ. ಹುಬ್ಬಳ್ಳಿಯ ಶೋರೂಮಿನಲ್ಲಿ ಕಾಗದ ತುಂಬುವಾಗ ಅಲ್ಲಿನವನು ಕೇಳಿದ್ದ, "ಮಗಳ ಹೆಸರ್ಲೆ ಮಾಡೂಣೇನ್ರಿ?" ಎಂದು. ಈರಪ್ಪ ನಕ್ಕಿದ್ದ. ಅಳಿಯನ ಕೈಗೆ ಕೀಲಿ ಕೊಟ್ಟು ಕಾಗದವನ್ನು ಮಗಳ ಹೆಸರಿನಲ್ಲಿ ಇಟ್ಟರೆ ಬೀಗರು ಏನು ತಿಳಿದಾರು? ನಂಬಿಕೆ ಇಲ್ಲವೆಂದಂತಲ್ಲವೇ? ಕೊಟ್ಟ ಮೇಲೆ ಕೈಬಿಚ್ಚಿ ಕೊಡಬೇಕು ಎಂದು, ನಾಲ್ಕು ಜನ ಕೇಳುವಂತೆ, "ಅಳ್ಯಾರ ಹೆಸರ್ಲೆ ಬರೀರಿ" ಎಂದಿದ್ದ. ಆ ಹೊತ್ತಿಗೆ ಅವನ ಎದೆ ಎಷ್ಟು ಉಬ್ಬಿತ್ತೆಂದರೆ ಈಗ ನೆನೆಸಿಕೊಂಡರೆ ಅವನಿಗೇ ಅಸಹ್ಯವಾಗುತ್ತಿತ್ತು.

ನಿಜ ಹೇಳಲು ಇದೇ ಸಮಯ. ಹಿತ್ತಲಲ್ಲಿ ಸೌಂದರ್ಯಾ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಿತ್ತು. ಆದರೆ ಎಂಟು ತಿಂಗಳು ಸುಳ್ಳು ಹೇಳಿದ ಬಾಯಿ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ.

"ಅಳ್ಯಾರ ಹೆಸರ್ಲೆ ಐತ್ರಿ" ಎಂದ. "ಅವರು ಬಾಳ ಬಿಜಿ ಇರ್ತಾರ್ರಿ, ಫೋನ್ ಎತ್ತೂದ ಕಷ್ಟ."

"ಅದಕ್ಕೇನ್ರಿ! ನಂಬರ್ ಹೇಳ್ರಿ, ನಾನ ಮಾತಾಡ್ತೀನಿ."

ಎಂಟು ತಿಂಗಳಲ್ಲಿ ಮಾವನ ಒಂದು ಕರೆಯನ್ನೂ ಎತ್ತದವನು ಮಾಸ್ತರರ ಕರೆಯನ್ನು ಎರಡನೆಯ ರಿಂಗಿಗೇ ಎತ್ತಿದ. ಫಯಾಜ್ ಸ್ಪೀಕರ್ ಹಾಕಿದ್ದರಿಂದ ಅಂಗಳಕ್ಕೆಲ್ಲ ಕೇಳಿತು.

"ಕಣ್ಣು ಕಾಣದ ಹುಡಗ್ಯಾರಿಗೇನ್ರಿ ಸರ್? ಸಂತೋಷದಿಂದ ಕೊಡ್ತೀನ್ರಿ. ನಾನ ಖುದ್ದು ಬರ್ತೀನಿ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಹೆಸರು ಗಿಸರು ಬರಸ್ತೀರೇನ್ರಿ ಸರ್?"

"ಬರಸದ ಬಿಡ್ತೀವೇನ್ರಿ! ಫ್ಯಾನ್ ಕೊಟ್ಟವರ ಹೆಸರು ಸೈತ ರೆಕ್ಕಿ ಮ್ಯಾಲೆ ಐತಿ. ದಾನಿಗಳು ನೀವು, ನಿಮ್ಮ ಹೆಸರು ದೊಡ್ಡದಾಗಿ ಬರಸ್ತೀವಿ."

ಹೇಮಂತನಿಗೆ ಬೇಡವೆನ್ನಲು ಏನಿತ್ತು? ವರದಕ್ಷಿಣೆಯ ಕಾರನ್ನು ಮಾರಿಕೊಂಡ ಎನ್ನಿಸಿಕೊಳ್ಳುವುದಕ್ಕಿಂತ ಕುರುಡರಿಗೆ ದಾನ ಕೊಟ್ಟ ಎನ್ನಿಸಿಕೊಳ್ಳುವುದು ಚಲೋ. ಪುಕ್ಕಟೆ ಪುಣ್ಯ. ಈರಪ್ಪ ಫೋನು ಕಸಿದುಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟ. ಕಸಿದುಕೊಂಡು ಏನು ಹೇಳುವುದು? ಹೆಸರು ಅಳಿಯನದು, ಸಹಿ ಅಳಿಯನದು. ಅವನು ಸಹಿ ಹಾಕದಿದ್ದರೆ ಕಾರು ಅಂಗಳದಲ್ಲೇ ಕೊಳೆಯಬೇಕು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

ರಾತ್ರಿ ಊಟ ಬಡಿಸುತ್ತಿದ್ದ ಶಿವಗಂಗವ್ವನಿಗೆ ಪಿಸುದನಿಯಲ್ಲಿ ಎಲ್ಲ ಹೇಳಿದ. ಅವಳು ರೊಟ್ಟಿಯನ್ನು ತಟ್ಟೆಗೆ ಒಗೆದಳು.

"ನಿಮ್ಮ ನಾಲಿಗಿಗೆ ಏನ ಬಡದಿತ್ರಿ ಅವಾಗ?" ಎಂದಳು. ಮರುಗಳಿಗೆಗೆ ಅವಳೇ ಮೆತ್ತಗಾದಳು. "ಅಕಿಗೆ ಹೇಳಬ್ಯಾಡ್ರಿ. ಮೊದಲ ಅದು ಇಲ್ಲಿಂದ ತೊಲಗಲಿ."

ಗುರುವಾರ ಬೆಳಿಗ್ಗೆ ಫಯಾಜ್ ಬಂದು ಕಾರನ್ನು ಒಯ್ದ. ಹುಡುಗಿಯರು ತರಗತಿಯಲ್ಲಿದ್ದ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಊರಿನ ಹಿರಿಯರೆದುರು ಸಣ್ಣ ಸಮಾರಂಭ. ಈರಪ್ಪ ಹೋಗದಿದ್ದರೆ ಮಾಸ್ತರರು ಯಾಕೆಂದು ಕೇಳುತ್ತಾರೆ, ಆದ್ದರಿಂದ ಮಗಳಿಗೆ ಹೇಳದೆ ಹೋದ. ಹೇಮಂತ ಇಸ್ತ್ರಿ ಮುರಿಯದ ಅಂಗಿ ತೊಟ್ಟು, ಫೋಟೋ ಹೊಡೆಯಲು ಗೆಳೆಯರನ್ನೂ ಕರೆತಂದಿದ್ದ. ಕಾಗದಗಳಿಗೆ ಸಹಿ ಮಾಡಿದ, ಶಾಲು ಹೊದಿಸಿಕೊಂಡ, ಹಾರ ಹಾಕಿಸಿಕೊಂಡ. ಆಮೇಲೆ ನೆಟ್ಟಗೆ ಮುಂದಿನ ಸಾಲಿಗೆ ಬಂದು ಎಲ್ಲರೆದುರು ಈರಪ್ಪನ ಕಾಲು ಮುಟ್ಟಿದ.

"ಎಲ್ಲಾ ಮಾವಾರ ಆಶೀರ್ವಾದ" ಎಂದ, ಫೋನುಗಳ ಕಡೆ ಮುಖ ತಿರುಗಿಸಿ.

ಅಷ್ಟು ಮಂದಿಯೆದುರು ಬಗ್ಗಿದ ಅಳಿಯನ ತಲೆಯ ಮೇಲೆ ಕೈ ಇಡದ ಮಾವನನ್ನು ಆ ಸೀಮೆ ಇನ್ನೂ ಕಂಡಿಲ್ಲ. ಈರಪ್ಪನ ಕೈ ತಾನಾಗಿಯೇ ಮೇಲೆದ್ದು ಆ ಎಣ್ಣೆ ಹಚ್ಚಿದ ಕೂದಲ ಮೇಲೆ ಕೂತಿತು. ಚಪ್ಪಾಳೆ ಬಿತ್ತು. ಆ ಕೈಯನ್ನು ಅವನು ಶಾಲೆಯ ನಳದಲ್ಲಿ ಮೂರು ಸಲ ತೊಳೆದುಕೊಂಡ.

ಮನೆಗೆ ಬಂದರೆ ಅಂಗಳ ಬಯಲಾಗಿತ್ತು. ಸೌಂದರ್ಯಾ ಮುಂಬಾಗಿಲಲ್ಲಿ ಕೂತು ರಂಗೋಲಿ ಹಾಕುತ್ತಿದ್ದಳು. ಕಾರಿನಿಂದ ಸೋರಿದ ಎಣ್ಣೆಯ ಕಲೆಯನ್ನು ಸಗಣಿಯಿಂದ ಸಾರಿಸಿದ್ದಳು. ಅಪ್ಪನನ್ನು ನೋಡಿ ನಕ್ಕಳು. ಆ ನಗೆಯನ್ನು ಅವನು ಮರೆತೇಬಿಟ್ಟಿದ್ದ. ಆ ನಗೆಯ ಮುಂದೆ ಬಾಯಿ ಬಿಡಲು ಅವನಿಂದಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಮಾರನೆಯ ದಿನವೂ ಹಾಗೆಯೇ ಅಂದುಕೊಂಡ. ಅಷ್ಟರಲ್ಲಿ ಭಾನುವಾರ ಬಂತು.

"ಈ ವಾರ ಹೋಗಬ್ಯಾಡವಾ, ಬಿಸಲು ಬಾಳ ಐತಿ."

"ಏ, ನಮ್ಮ ಕಾರಿನ್ಯಾಗ ಹುಡಗ್ಯಾರು ಹೆಂಗ ಕುಂಡ್ರತಾವ ನೋಡಬೇಕಲ್ರಿ ಅಪ್ಪಾ! ನೀವೂ ಬರ್ರಿ." ತವರಿಗೆ ಬಂದ ಮೇಲೆ ಅವಳು ಆ ಕಾರನ್ನು 'ನಮ್ಮದು' ಎಂದದ್ದು ಅದೇ ಮೊದಲು.

ಸ್ಕೂಟರಿನ ಮೇಲೆ ಅವಳನ್ನು ಕೂರಿಸಿಕೊಂಡು ಹೋದ. ದಾರಿಯುದ್ದಕ್ಕೂ ಹೇಳಬೇಕು ಹೇಳಬೇಕು ಎಂದುಕೊಂಡ. ಗಾಳಿಯ ಸದ್ದಿನಲ್ಲಿ ಹೇಳಿದರೂ ಕೇಳಿಸದು ಎಂದು ಸಮಾಧಾನ ಮಾಡಿಕೊಂಡ.

ಕಾರು ಬೇವಿನ ಮರದ ಕೆಳಗಿತ್ತು. ಹುಡುಗಿಯರು ಮುತ್ತಿಕೊಂಡು ಅದರ ಮೈಯೆಲ್ಲ ಕೈಯಾಡಿಸುತ್ತಿದ್ದರು. ಹತ್ತನೆಯ ತರಗತಿಯ ಮಂಜುಳಾ ಸೌಂದರ್ಯಾಳ ದನಿ ಕೇಳಿದ್ದೇ ಓಡಿಬಂದು ಅವಳ ಕೈ ಹಿಡಿದಳು.

"ಅಕ್ಕಾ, ಹಿಂದಿನ ಗಾಜಿನ ಮ್ಯಾಲೆ ಬರದಾರಂತ್ರಿ. ಏನೈತಿ ಓದ್ರಿ."

ಸೌಂದರ್ಯಾ ನಗುತ್ತಲೇ ಹಿಂದಕ್ಕೆ ಹೋದಳು. ಕೆಂಪು ಬಣ್ಣದ ಅಕ್ಷರಗಳು ಗಾಜಿನ ತುಂಬ ಇದ್ದವು. ಈರಪ್ಪ ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಂತಲ್ಲೇ ನಿಂತ. ಮಗಳು ಒಮ್ಮೆ ತಿರುಗಿ ಅವನನ್ನು ನೋಡಿದಳು. ಅವನು ನೆಲ ನೋಡಿದ. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು.

"ಓದ್ರಿ ಅಕ್ಕಾ" ಎಂದು ಮಂಜುಳಾ ಅವಸರ ಮಾಡಿದಳು.

"ದಾನಿಗಳು," ಸೌಂದರ್ಯಾ ಓದಿದಳು, "ಶ್ರೀ ಹೇಮಂತ, ಎಂಜಿನಿಯರ್, ಹುಬ್ಬಳ್ಳಿ."

"ಅವರು ಬಾಳ ಚಲೋ ಮಂದಿ ಇರಬೇಕಲ್ರಿ ಅಕ್ಕಾ? ನಾವೆಲ್ಲಾ ಕೂಡಿ ಅವರಿಗೆ ಪತ್ರ ಬರೀಬೇಕಂತ ಮಾಡೇವಿ. ನಾವು ಹೇಳ್ತೀವಿ, ನೀವು ಬರೀರಿ."

ಈರಪ್ಪನಿಗೆ ಕಿರುಚಬೇಕೆನಿಸಿತು. ಬೇಡ ಮಗಳೇ, ಬಾ, ಮನೆಗೆ ಹೋಗೋಣ ಎನ್ನಬೇಕೆನಿಸಿತು. ಆಗಲೇ ಇಪ್ಪತ್ತು ಹುಡುಗಿಯರು ಅವಳನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿ, ಸುತ್ತ ಕೂತು, ಕತ್ತು ಮೇಲೆತ್ತಿ ಕಾಯುತ್ತಿದ್ದರು. ಅವಳು ಚೀಲದಿಂದ ವಹಿ ತೆಗೆದಳು, ಪೆನ್ನಿನ ಟೊಪ್ಪಿಗೆ ಬಿಚ್ಚಿದಳು.

"ಪೂಜ್ಯರಾದ ಹೇಮಂತ ಸರ್ ಅವರಿಗೆ" ಎಂದು ಮಂಜುಳಾ ಹೇಳಿದಳು. "ನಿಮ್ಮ ಉಪಕಾರ ನಾವು ಎಂದೂ ಮರಿಯಂಗಿಲ್ಲ. ನಿಮ್ಮ ಮನಿ ಮಂದಿ ಎಲ್ಲಾರೂ ಸುಖವಾಗಿರಲಿ."

ಸೌಂದರ್ಯಾ ಬರೆದಳು. ಅಪ್ಪನ ಕಡೆ ನೋಡಲಿಲ್ಲ.

"ಮುಂದ ಹೇಳವಾ" ಎಂದಳು.