ಅಕ್ಕನ ಪಾಸ್‌ವರ್ಡ್

ಬೆಳಿಗ್ಗೆ ಹತ್ತಕ್ಕೇ ಮೇಲ್ವಿಚಾರಕನ ಕಣ್ಣು ಉರಿಯುತ್ತಿತ್ತು. ರಕ್ತಪರೀಕ್ಷೆಯ ವರದಿಗಳನ್ನು ಆಸ್ಪತ್ರೆಗಳಿಗೆ ಮುಟ್ಟಿಸುವ ಕಂಪ್ಯೂಟರ್‌ಗಳನ್ನು ಕಾಯುವ ಕೋಣೆ ಅದು. ಯಾವ ಯಂತ್ರ ಯಾವಾಗ ಏನು ಮಾಡಿತೆಂದು ಸಾಲುಸಾಲಾಗಿ ದಾಖಲಾಗುವ ಲಾಗ್‌ಗಳನ್ನು ಓದಿ ಓದಿ ಅವನ ಹನ್ನೊಂದು ವರ್ಷ ಸವೆದಿತ್ತು. ಇವತ್ತು ಲಾಗ್ ಓದುವ ಸಾಫ್ಟ್‌ವೇರ್‌ಗೆ ಹೊಸ ಆವೃತ್ತಿ ಬಂದಿತ್ತು.

"ಇನ್ನು ನೀವು ತಲೆ ಕೆರ್ಕೊಳ್ಳೋದೇ ಬೇಡ. ಎಲ್ಲಿ ಕೆಟ್ಟಿತು, ಯಾರಿಂದ ಕೆಟ್ಟಿತು, ಎಲ್ಲಾ ಅದೇ ಹುಡುಕಿ ಹೇಳತ್ತೆ" ಎಂದ ಮ್ಯಾನೇಜರ್, ತಾನೇ ಹೆತ್ತವನಂತೆ.

ಪರದೆಯ ಮೇಲೆ ಸೋಮವಾರದ ಅವಾಂತರ ಮೂಡಿತು. ಅಂದು ಮೂರು ಗಂಟೆ ಒಂದೇ ಒಂದು ವರದಿ ಹೋಗಿರಲಿಲ್ಲ. ಯಾರದೋ ಶಸ್ತ್ರಚಿಕಿತ್ಸೆ ನಿಂತುಹೋಗಿತ್ತು. ಕಾರಣ: ಯಂತ್ರ ಕೆಟ್ಟಾಗ ಕೂಗುವ ಎಚ್ಚರಿಕೆಯ ಸದ್ದು ಅಡಗಿಸಿದ್ದು. ಅಡಗಿಸಿದವರು: ಮೂಲೆ ಮೇಜಿನ ಗುತ್ತಿಗೆ ಕೆಲಸದವಳು, ಎಲ್ಲರ ಬಾಯಲ್ಲಿ ಅಕ್ಕ.

"ನಾನು ಅದನ್ನ ಮುಟ್ಟೇ ಇಲ್ಲ ಸಾರ್" ಎಂದಳು ಅಕ್ಕ.

"ಮತ್ತೆ ಯಂತ್ರ ಸುಳ್ಳು ಹೇಳತ್ತಾ?" ಎಂದ ಮ್ಯಾನೇಜರ್.

"ಯಂತ್ರಕ್ಕೆ ನನ್ನ ಮುಖ ಕಾಣಲ್ಲವಲ್ಲ ಸಾರ್. ಹೆಸರು ಕಾಣತ್ತೆ ಅಷ್ಟೆ."

ಕೋಣೆಯಲ್ಲಿದ್ದವರೆಲ್ಲ ತಂತಮ್ಮ ಕೀಬೋರ್ಡ್ ನೋಡತೊಡಗಿದರು. ತಲೆ ಎತ್ತುವುದಾದರೂ ಹೇಗೆ? ಸುಳ್ಳುಸುಳ್ಳೇ ಕೂಗುವ ಎಚ್ಚರಿಕೆಗಳನ್ನು ಎಲ್ಲರೂ ಅಡಗಿಸುತ್ತಿದ್ದದ್ದು ಅಕ್ಕನ ಪಾಸ್‌ವರ್ಡ್‌ನಿಂದಲೇ. ತಮ್ಮ ಹೆಸರು ದಾಖಲೆಗೆ ಬೀಳಬಾರದು ನೋಡಿ! ಸೋಮವಾರ ಎಚ್ಚರಿಕೆ ನಲವತ್ತು ಸಲ ಸುಮ್ಮಸುಮ್ಮನೆ ಕೂಗಿತ್ತು. ನಲವತ್ತೊಂದನೆಯದು ನಿಜದ ಕೂಗು. ಅಡಗಿಸಿದವನು ಮೇಲ್ವಿಚಾರಕ.

"ಕೆಳಗೆ 'ಸರಿ', 'ತಪ್ಪು' ಅಂತಿದೆ. 'ಸರಿ' ಒತ್ರೀ, ಮುಗೀತು. ಗುತ್ತಿಗೆಯವರು ತಾನೆ? ನಾಳೆ ಇನ್ನೊಬ್ರು ಬರ್ತಾರೆ" ಎಂದ ಮ್ಯಾನೇಜರ್ ಮೇಲ್ವಿಚಾರಕನಿಗೆ.

ಪಕ್ಕದ ಕುರ್ಚಿಯ ಗುಂಡ ಪಿಸುಗುಟ್ಟಿದ: "ಒತ್ತಿಬಿಡಪ್ಪ ಅತ್ಲಾಗಿ. ನಿನ್ನ ಬಡ್ತಿ ಈ ತಿಂಗಳೇ ಇದೆ."

ಅಕ್ಕ ಅಳಲಿಲ್ಲ. ಡ್ರಾಯರ್ ಎಳೆದು ಕನ್ನಡಕದ ಡಬ್ಬಿ, ಮಾತ್ರೆ, ಸ್ವೆಟರ್ ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು. ಇಂಥ ಎಷ್ಟೋ ಕೋಣೆಗಳಲ್ಲಿ ಇದನ್ನೇ ಮಾಡಿ ಕೈ ಪಳಗಿದಂತಿತ್ತು. ಮೇಲ್ವಿಚಾರಕ ಆ ಚೀಲವನ್ನೇ ನೋಡಿದ. ಇವಳು ಹೋದರೆ ನಾಳೆ ಬರುವವಳ ಪಾಸ್‌ವರ್ಡ್ ಕೇಳುವವನೂ ತಾನೇ.

'ತಪ್ಪು' ಒತ್ತಿದ. 'ಹಾಗಾದರೆ ಯಾರು?' ಎಂದು ಸಾಫ್ಟ್‌ವೇರ್ ಕೇಳಿತು. ತನ್ನ ಹೆಸರನ್ನು ಒಂದೊಂದೇ ಅಕ್ಷರ ಕುಟ್ಟಿ ಬರೆದ.

"ಅಡಗಿಸಿದ್ದು ನಾನು ಸಾರ್. ಅವರ ಪಾಸ್‌ವರ್ಡ್‌ನಲ್ಲಿ. ಇಲ್ಲಿ ಎಲ್ಲರೂ ಮಾಡೋದು ಹೀಗೇ."

"ಎಲ್ಲರನ್ನೂ ಯಾಕ್ರೀ ಎಳೀತೀರಿ?"

"ಹಾಗಾದ್ರೆ ನನ್ನೊಬ್ಬನ್ನೇ ಬರ್ಕೊಳ್ಳಿ."

"ನಾಳೆ ಮೇಲಿನವರ ಮುಂದೆ ನಿಂತು ಇದನ್ನೇ ಹೇಳಿ, ನೋಡೋಣ!" ಮ್ಯಾನೇಜರ್ ಬಾಗಿಲು ಬಡಿದು ಹೋದ.

"ತಪ್ಪಾಯ್ತು ಅಕ್ಕಾ" ಎಂದ ಮೇಲ್ವಿಚಾರಕ.

ಅಕ್ಕ ಚೀಲವನ್ನು ಕಾಲ ಬಳಿ ಇಟ್ಟು ಕುಳಿತಳು. ಕೀಬೋರ್ಡ್ ಹತ್ತಿರ ಎಳೆದುಕೊಂಡಳು.

"ಎಲ್ಲರೂ ಆ ಕಡೆ ತಿರುಗಿ" ಎಂದಳು. "ಪಾಸ್‌ವರ್ಡ್ ಬದಲಾಯಿಸಬೇಕು."

ಗುಂಡ ನಗಲು ಹೋಗಿ ಬಾಯಿ ಮುಚ್ಚಿಕೊಂಡ. ಕುರ್ಚಿಗಳು ಕಿರುಗುಟ್ಟುತ್ತ ಗೋಡೆಯತ್ತ ತಿರುಗಿದವು. ಬೆನ್ನ ಹಿಂದೆ ಅವಳ ಬೆರಳುಗಳ ಸದ್ದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು.